ಆಯ ಹೋದರೂ ಋಣ ಹೋಗದು



ಕಳೆದ ಸುಗ್ಗಿಯ ಕಾಲದಲ್ಲಿ ಒಂದು ಸೋಮವಾರ ಸಂಜೆ ಶ್ರೀಮಠದ ಪ್ರವಚನ ಮುಗಿದ ಮೇಲೆ ಹಿರಿಯ ಭಕ್ತರೊಬ್ಬರು ನಮ್ಮ ಬಳಿ ಬಂದು ಕುಳಿತರು. ಎಂಬತ್ತು ದಾಟಿದ ಜೀವ. "ಅಜ್ಜಾರ, ನಮ್ಮಪ್ಪನ ಕಾಲದಾಗ ಊರಾಗ ಯಾವ ಕೆಲಸಕ್ಕೂ ರೊಕ್ಕ ಬಿಚ್ಚೂ ಮಾತೇ ಇರಲಿಲ್ಲರಿ. ಹನ್ನೆರಡು ಮಂದಿ ಆಯಗಾರರು ಇದ್ದರು, ಊರು ನಡೀತಿತ್ತು. ಈಗ ಕುಂಟಿ ಕುಡ ತಟ್ಟಿಸಾಕ ಪ್ಯಾಟಿಗೆ ಹೋಗಬೇಕು. ಆ ಪದ್ಧತಿ ಮತ್ತ ಬರೂ ಹಂಗ ಪ್ರವಚನದಾಗ ಒಂದು ಮಾತು ಹೇಳ್ರಿ" ಎಂದು ಕೇಳಿಕೊಂಡರು. ಅಂದು ನಾವು ವಿಭೂತಿ ಕೊಟ್ಟು ಕಳಿಸಿದೆವು, ಉತ್ತರ ಕೊಡಲಿಲ್ಲ. ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು. ಉಳಿದರ್ಧವನ್ನು ಅವರ ಮನಸ್ಸಿಗೆ ನೋವಾಗದಂತೆ ಹೇಳುವುದು ಹೇಗೆಂದು ಯೋಚಿಸುತ್ತಿದ್ದೆವು. ಇಂದು ಹೇಳುತ್ತೇವೆ.

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ ಸೀಮೆಯ ಹಳ್ಳಿಗಳು ಹೇಗಿದ್ದವು ಎಂಬುದನ್ನು ನಮ್ಮ ಲಿಂಗೈಕ್ಯ ಗುರುಗಳು ಎದುರಿಗೆ ಕೂರಿಸಿಕೊಂಡು ಹೇಳುತ್ತಿದ್ದರು. ಆಗ ಈ ಭಾಗ ಮುಂಬಯಿ ಆಧಿಪತ್ಯಕ್ಕೆ ಸೇರಿತ್ತು. ಒಕ್ಕಲಾದವನಿಗೆ ವರ್ಷವಿಡೀ ಬೇಕಾದ ಕೆಲಸಗಳನ್ನು ಊರಿನ ಆಯಗಾರರೇ ಮಾಡಿಕೊಡುತ್ತಿದ್ದರು. ಬಡಿಗೇರನು ಕೂರಿಗೆ, ರಂಟೆ, ಚಕ್ಕಡಿಯ ಗಾಲಿಗಳನ್ನು ನೋಡಿಕೊಳ್ಳುವನು. ಕಮ್ಮಾರನು ಕುಲುಮೆಯಲ್ಲಿ ಕುಡ ಕಾಯಿಸಿ ತಟ್ಟಿಕೊಡುವನು. ಕುಂಬಾರನು ಗಡಿಗೆ, ಹರವಿಗಳನ್ನು ಮನೆ ಮನೆಗೆ ಮುಟ್ಟಿಸುವನು. ಸಮಗಾರನು ಮಿಣಿ, ಬಾರುಕೋಲು, ಕಾಲಿನ ಕೆರಗಳನ್ನು ಹೊಲಿದುಕೊಡುವನು. ಹಡಪದವರು ಕ್ಷೌರ ಮಾಡುವರು, ಮಡಿವಾಳರು ಬಟ್ಟೆ ಒಗೆಯುವರು, ತಳವಾರನು ಊರು ಕಾಯುವನು. ಪಂಚಾಂಗ ಹೇಳುವ ಜೋಯಿಸನೂ, ಮಠದ ಅಯ್ಯನೂ ಹಲವು ಊರುಗಳಲ್ಲಿ ಈ ಪಟ್ಟಿಯಲ್ಲಿಯೇ ಇದ್ದರು. ಮರಾಠಿ ಸೀಮೆಯಲ್ಲಿ ಇದನ್ನೇ ಬಾರಾ ಬಲೂತಿ ಎಂದರು. ಹೆಸರಿಗೆ ಹನ್ನೆರಡು, ಪಟ್ಟಿ ಮಾತ್ರ ಊರಿಂದ ಊರಿಗೆ ಬೇರೆ. ಮಠದ ಅಯ್ಯನೂ ಆ ಪಟ್ಟಿಯವನೇ ಆದ್ದರಿಂದ ನಾವು ಈ ಮಾತನ್ನು ಎತ್ತರದ ಪೀಠದಿಂದ ಹೇಳುತ್ತಿಲ್ಲ. ನಮ್ಮ ಮನೆಯ ಮಾತೆಂದು ಹೇಳುತ್ತಿದ್ದೇವೆ.

ಇವರಿಗೆಲ್ಲ ಸಂದಾಯ ಆಗುತ್ತಿದ್ದುದು ಕಣದಲ್ಲಿ. ಮೇಟಿಯ ಸುತ್ತ ಎತ್ತುಗಳ ಹಂತಿ ಹೊಡೆದು, ಗಾಳಿಗೆ ತೂರಿ, ಜೋಳ ರಾಶಿಯಾದ ಮೇಲೆ ವಿಭೂತಿ ಹಚ್ಚಿ, ಕಾಯಿ ಒಡೆದು, ಕೊಳಗದಿಂದ ಅಳೆಯುವರು. ಮೊದಲ ಅಳತೆಗೆ 'ಒಂದು' ಎನ್ನರು, 'ಲಾಭ' ಎನ್ನುವರು. ಆಯಗಾರರು ಚೀಲ, ಮರ ಹಿಡಿದು ಬಂದಿರುವರು. ಅವರವರ ಕೆಲಸಕ್ಕೆ ತಕ್ಕ ಕಾಳು, ಸಿವುಡು ಅಲ್ಲಿಯೇ ಅಳತೆಯಾಗಿ ಹೋಗುವುದು. ಉಳಿದ ಕಾಳು ಚಕ್ಕಡಿ ಏರಿ ಮನೆಯ ಹಗೇವಿಗೆ ಬರುವುದು. ನಮ್ಮ ಗುರುಗಳು ಈ ಮಾತು ಹೇಳಿದಾಗಲೆಲ್ಲ ಒಂದು ಕ್ಷಣ ನಿಲ್ಲಿಸಿ, "ತಿಳಿಯಿತೇ? ದುಡಿದವನ ಪಾಲು ಮೊದಲು, ಯಜಮಾನನ ಹಗೇವು ಆಮೇಲೆ" ಎನ್ನುತ್ತಿದ್ದರು. ಹಿರಿಯರು ನೆನೆದ ಆ ಕಾಲದಲ್ಲಿ ಉಳಿಸಿಕೊಳ್ಳಬೇಕಾದುದು ಯಾವುದೆಂದರೆ ಈ ಒಂದು ನಿಯಮ.

ರೊಕ್ಕ ಬಿಚ್ಚುವ ಮಾತೇ ಇರಲಿಲ್ಲ ಎಂಬುದು ಮಾತ್ರ ಪೂರ್ಣ ನಿಜವಲ್ಲ. ಉಪ್ಪು, ಕಬ್ಬಿಣ, ಅರಿವೆ, ಬೆಲ್ಲ, ಅಡಿಕೆ ಇವು ಕಣದಲ್ಲಿ ಬೆಳೆಯುವುದಿಲ್ಲ. ಅವಕ್ಕೆ ಸಂತೆಗೆ ಹೋಗಬೇಕು, ಇಲ್ಲವೆ ಊರ ಕಿರಾಣಿ ಅಂಗಡಿಗೆ ಹೋಗಬೇಕು. ಅಲ್ಲಿ ರೂಪಾಯಿ, ಆಣೆ, ಪೈಗಳ ಲೆಕ್ಕ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಈಗಿನ 100 ಪೈಸೆಯ ಲೆಕ್ಕ ಬಂದದ್ದು 1957ರಲ್ಲಿ. ಅಂಗಡಿಯ ಶೆಟ್ಟರು ರೋಖ ಕೊಟ್ಟವನಿಗೆ ರೋಖ, ಕೊಡಲಾರದವನಿಗೆ ಉದ್ರಿ ಎಂದು ಖಾತೆಯಲ್ಲಿ ಬರೆಯುವರು. ದೀಪಾವಳಿಯ ಪಾಡ್ಯಕ್ಕೆ ಹೊಸ ಖಾತೆಯ ಪೂಜೆ. ಹಳೆಯ ಬಾಕಿ ಹೊಸ ಪುಸ್ತಕಕ್ಕೆ ಬಡ್ಡಿ ಸಮೇತ ಏರುವುದು. ಕೊಳ್ಳುವಾಗ ಸೇರಿನ ಮೇಲೆ ಗೋಪುರ ಕಟ್ಟಿ ಅಳೆದುಕೊಂಡು, ಕೊಡುವಾಗ ಮಟ್ಟ ಮಾಡಿ ಅಳೆಯುವ ವ್ಯಾಪಾರಿಗಳೂ ಇದ್ದರು. ಕಡುಕಷ್ಟದಲ್ಲಿ ಉಪ್ಪು ಬೆಂಕಿಗೆ ಕೊರತೆ ಮಾಡದೆ ಊರು ಸಾಕಿದ ಶೆಟ್ಟರೂ ಇದ್ದರು. ತಕ್ಕಡಿ ಒಂದೇ, ಹಿಡಿದ ಕೈ ಬೇರೆ.

ಇಷ್ಟು ಒಳಿತಿನ ಮಾತು. ಇನ್ನು ಹಿರಿಯರು ಹೇಳದೆ ಬಿಟ್ಟ ಮಾತಿಗೆ ಬರೋಣ.

ಮೊದಲನೆಯದು, ಆ ಕೆಲಸಗಳು ಮನುಷ್ಯನು ಆರಿಸಿಕೊಂಡವಲ್ಲ. ಬಡಿಗೇರನ ಮಗ ಬಡಿಗೇರನೇ, ಸಮಗಾರನ ಮಗ ಸಮಗಾರನೇ. ಅವನ ಕೈಗೆ ಬೇರೆ ವಿದ್ಯೆ ಒಲಿದಿತ್ತೋ ಇಲ್ಲವೋ ಯಾರೂ ಕೇಳಲಿಲ್ಲ. ಎರಡನೆಯದು, ಎಲ್ಲ ಆಯಗಾರರೂ ಕಣದಲ್ಲಿ ಒಂದೇ ಸಾಲಿನಲ್ಲಿ ನಿಲ್ಲಲಿಲ್ಲ. ಊರ ಹೊರಗಿನ ಕೇರಿಯ ದಲಿತ ಬಂಧುಗಳು ದೂರ ನಿಂತು ಸೆರಗೊಡ್ಡಬೇಕಾಗಿತ್ತು. ಕಾಳು ಮೇಲಿನಿಂದ ಬೀಳುತ್ತಿತ್ತು, ಕೈಗೆ ಕೈ ತಾಗುತ್ತಿರಲಿಲ್ಲ. ಊರಿನ ಬಿಟ್ಟಿ ಚಾಕರಿ, ಸತ್ತ ದನದ ಕೆಲಸ, ಓಲೆ ಹೊತ್ತು ಹತ್ತು ಹರದಾರಿ ನಡೆಯುವುದು ಅವರ ಪಾಲಿಗೆ ಬಂದಿತ್ತು. ಊರ ಬಾವಿಯ ನೀರು ಮಾತ್ರ ಬಂದಿರಲಿಲ್ಲ. ಮೂರನೆಯದು, ರಾಶಿ ಬಂದರೆ ಆಯ, ರಾಶಿ ಇಲ್ಲದಿದ್ದರೆ ಏನು? 1876ರಿಂದ 1878ರ ಬರದಲ್ಲಿ, 1896-97ರ ಬರದಲ್ಲಿ ಕಣ ಬರಿದಾದಾಗ ಭೂಮಿ ಇದ್ದವನು ಭೂಮಿ ಒತ್ತೆ ಇಟ್ಟು ಬದುಕಿದ. ಉಳಿ, ಬಾಚಿ ಮಾತ್ರ ಇದ್ದವನು ಏನು ಒತ್ತೆ ಇಡಬೇಕು? 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಒಂದೆರಡು ವರ್ಷಗಳಲ್ಲಿ ನಮ್ಮ ಸೀಮೆಗೂ ಹಬ್ಬಿ, ಜನ ಊರು ಬಿಟ್ಟು ಹೊಲದ ಗುಡಿಸಲು ಸೇರಿದಾಗಲೂ, 1918ರ ಇನ್‌ಫ್ಲುಯೆಂಜಾ ಜ್ವರದಲ್ಲಿ ಮನೆ ಮನೆ ಹಾಸಿಗೆ ಹಿಡಿದಾಗಲೂ ಇದೇ ಗತಿ. ಕೆಲಸ ನಿಲ್ಲಿಸುವ ಹಕ್ಕು ಆಯಗಾರನಿಗೆ ಇರಲಿಲ್ಲ. ಕೊಡಲಾರೆ ಎನ್ನುವ ಅವಕಾಶ ಒಡೆಯನಿಗೆ ಇತ್ತು.

ಈ ವ್ಯವಸ್ಥೆ ಸಡಿಲವಾದುದು ಯಾರೋ ಒಬ್ಬರ ಕೆಟ್ಟ ಬುದ್ಧಿಯಿಂದಲ್ಲ. 1880ರ ದಶಕದಲ್ಲಿ ಗದಗ, ಹುಬ್ಬಳ್ಳಿ, ಧಾರವಾಡಗಳಿಗೆ ರೈಲು ಬಂತು. ಅದಕ್ಕೆ ಮುಂಚೆ ನಮ್ಮ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಆದುದರಿಂದಲೇ ಧಾರವಾಡ ಸೀಮೆಯ ಹತ್ತಿಗೆ ಕುಮಟಾ ಹತ್ತಿ ಎಂಬ ಹೆಸರು. ರೈಲು ಬಂದ ಮೇಲೆ ಹತ್ತಿ ಮರ್ಮಗೋವಾ, ಮುಂಬಯಿಗಳ ದಾರಿ ಹಿಡಿಯಿತು. ಹೋದ ಹತ್ತಿಯ ಬದಲಿಗೆ ಗಿರಣಿಯ ಅರಿವೆ ಬಂತು, ಚಿಮಣಿ ಎಣ್ಣೆಯ ಡಬ್ಬಿ ಬಂತು. ಮಗ್ಗದ ಮುಂದೆ ಕುಳಿತ ನೇಕಾರನಿಗೆ ಪೆಟ್ಟು ಬಿತ್ತು. ಗಾಣಿಗರ ದೀಪದೆಣ್ಣೆಗೆ ಗಿರಾಕಿ ಕಡಿಮೆಯಾದರು. ರೈತನು ಜೋಳ ಬಿತ್ತುವ ಹೊಲದಲ್ಲಿ ಹತ್ತಿ ಬಿತ್ತಿದ. ಹತ್ತಿಯನ್ನು ಕಣದಲ್ಲಿ ಮರದಿಂದ ಅಳೆದು ಹಂಚಲು ಬರುವುದಿಲ್ಲ, ಅದು ಅಡತಿ ಅಂಗಡಿಗೆ ಹೋಗಿ ರೊಕ್ಕವಾಗುತ್ತದೆ. ರೊಕ್ಕ ಮನೆಗೆ ಬಂದ ಮೇಲೆ ಹೊರಗೆ ಹೋಗಲು ಒಲ್ಲೆ ಎನ್ನುತ್ತದೆ. ಹೀಗೆ ಆಯ ಕರಗುತ್ತ ಬಂತು. ಗೌಡಕಿ, ತಳವಾರಿಕೆ ಮೊದಲಾದ ವಂಶಪಾರಂಪರ್ಯದ ಊರ ಹುದ್ದೆಗಳನ್ನು ನಮ್ಮ ರಾಜ್ಯದ 1961ರ ಕಾಯ್ದೆ ರದ್ದು ಮಾಡಿತು. ಜೀತ ಪದ್ಧತಿಯನ್ನು ದೇಶದ 1976ರ ಕಾಯ್ದೆ ನಿಷೇಧಿಸಿತು. ಇವೆರಡೂ ಆಗಬೇಕಾದ ಕೆಲಸಗಳೇ ಆಗಿದ್ದವು.

ಆ ಸಂಧಿಕಾಲದಲ್ಲಿ ನಮ್ಮ ಸೀಮೆಯ ಕೆಲವು ಹಿರಿಯರು ಕೈಕಟ್ಟಿ ಕೂಡಲಿಲ್ಲ, ಹಳೆಯದನ್ನು ನೆನೆದು ಅಳಲೂ ಇಲ್ಲ. ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1904ರ ಸಹಕಾರ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ದೇಶದ ಸಹಕಾರ ಚಳವಳಿ ಆ ಹಳ್ಳಿಯನ್ನು ಇಂದಿಗೂ ಗೌರವದಿಂದ ನೆನೆಯುತ್ತದೆ. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಶರಣರ ವಚನಗಳ ತಾಡವಾಲೆಗಳನ್ನು ಹುಡುಕಿ ಅಚ್ಚು ಹಾಕಿಸಿದ ಮಹನೀಯರು. ಅವರೇ 1912ರಲ್ಲಿ ಶ್ರೀ ಸಿದ್ಧೇಶ್ವರ ಬ್ಯಾಂಕನ್ನೂ ಸ್ಥಾಪಿಸಿದರು. ವಚನ ಓದಿಸುವ ಕೈಯೇ ಬಡವನಿಗೆ ಸಾಲದ ದಾರಿಯನ್ನೂ ತೆರೆಯಿತು. ಧರ್ಮ ಒಂದು ಕಡೆ, ವ್ಯವಹಾರ ಇನ್ನೊಂದು ಕಡೆ ಎಂದು ಅವರು ತಿಳಿಯಲಿಲ್ಲ.

ಹಾಗೆ ತಿಳಿಯಬಾರದೆಂದು ನಮ್ಮ ಶಾಸ್ತ್ರವೂ ಹೇಳುತ್ತದೆ. ವೀರಶೈವನಿಗೆ ಅಷ್ಟಾವರಣವು ಅಂಗ, ಪಂಚಾಚಾರವು ಪ್ರಾಣ ಎಂದು ಹಿರಿಯರು ಕಲಿಸಿದ್ದಾರೆ. ಆ ಐದು ಆಚಾರಗಳಲ್ಲಿ ಲಿಂಗಾಚಾರ ನಮಗೆಲ್ಲ ನೆನಪಿರುತ್ತದೆ. ಅದರ ಪಕ್ಕದಲ್ಲಿರುವ ಸದಾಚಾರವನ್ನು ಮರೆಯುತ್ತೇವೆ. ಧರ್ಮದಿಂದ ದುಡಿದು ಗಳಿಸುವುದು, ಗಳಿಸಿದುದರಲ್ಲಿ ಗುರು ಲಿಂಗ ಜಂಗಮಕ್ಕೆ ಸಲ್ಲಿಸುವುದು ಸದಾಚಾರ. ಭಕ್ತರಲ್ಲಿ ಮೇಲು ಕೀಳು ಎಣಿಸದಿರುವುದು ಶಿವಾಚಾರ. ಎಲ್ಲರಿಗಿಂತ ತಾನು ಕಿರಿಯನೆಂದು ನಡೆಯುವುದು ಭೃತ್ಯಾಚಾರ. ಬೆಳಿಗ್ಗೆ ತ್ರಿಪುಂಡ್ರ ಧರಿಸಿ, ಲಿಂಗಪೂಜೆ ಮಾಡಿ, ಮಧ್ಯಾಹ್ನ ಕೂಲಿಯವನ ಎರಡು ದಿನದ ಪಗಾರು ಹಿಡಿದವನು ಯಾವ ಆಚಾರವನ್ನು ಪಾಲಿಸಿದಂತಾಯಿತು?

ಕಲ್ಯಾಣದ ಶರಣರ ಹೆಸರುಗಳನ್ನು ಒಮ್ಮೆ ನೆನೆಯಿರಿ. ಮಡಿವಾಳ ಮಾಚಿದೇವರು, ಹಡಪದ ಅಪ್ಪಣ್ಣನವರು, ಅಂಬಿಗರ ಚೌಡಯ್ಯನವರು, ಮೇದಾರ ಕೇತಯ್ಯನವರು, ಡೋಹರ ಕಕ್ಕಯ್ಯನವರು, ಹಗ್ಗ ಹೊಸೆದ ನುಲಿಯ ಚಂದಯ್ಯನವರು. ಕಾಯಕದ ಹೆಸರು ಅವರಿಗೆ ಬಿರುದಾಯಿತು. ಅನುಭವ ಮಂಟಪದಲ್ಲಿ ಅವರನ್ನು ಯಾರೂ ದೂರ ನಿಲ್ಲಿಸಲಿಲ್ಲ. ಅದೇ ಕಾಯಕಗಳು ಮುಂದೆ ನಮ್ಮ ಊರುಗಳಲ್ಲಿ ಹುಟ್ಟಿನ ಕಟ್ಟುಗಳಾದವು. ಶರಣರು ಬಿಚ್ಚಿದ ಗಂಟನ್ನು ನಾವು ಮತ್ತೆ ಬಿಗಿದೆವು. ಅದರಲ್ಲಿ ಮಠಗಳ ಪಾಲೂ ಉಂಟು. ಇದನ್ನು ಒಪ್ಪಿಕೊಳ್ಳಲು ನಮಗೆ ನಾಚಿಕೆ ಇಲ್ಲ. ಮುಚ್ಚಿಡಲು ನಾಚಿಕೆ ಉಂಟು.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ನಿಮಗೆ ಗೊತ್ತಿದೆ. ಮಾರಯ್ಯನವರು ದಿನವೂ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದರು. ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ತಂದರು. ಲಕ್ಕಮ್ಮನವರು ಒಪ್ಪಲಿಲ್ಲ, ಹೆಚ್ಚಿನ ಅಕ್ಕಿಯನ್ನು ತಿರುಗಿ ಅಲ್ಲಿಯೇ ಹಾಕಿ ಬರಲು ಹೇಳಿದರು. ಈ ಕಥೆಯನ್ನು ನಾವು ಬಡವರಿಗೆ ಹೇಳುತ್ತೇವೆ, ಆಸೆ ಪಡಬೇಡಿ ಎಂದು. ನಿಜಕ್ಕೂ ಇದನ್ನು ಕೂಲಿ ಕೊಡುವವರಿಗೆ ಹೇಳಬೇಕು. ಇನ್ನೊಬ್ಬರ ದುಡಿಮೆಯಲ್ಲಿ ನಮ್ಮ ಮನೆಗೆ ಹೆಚ್ಚಾಗಿ ಬಂದಿರುವುದು ಎಷ್ಟು, ಅದನ್ನು ತಿರುಗಿ ಎಲ್ಲಿ ಹಾಕಬೇಕು ಎಂಬುದು ಲಕ್ಕಮ್ಮನವರ ಪ್ರಶ್ನೆ.

ಈ ಪ್ರಶ್ನೆ ಶ್ರೀಮಠದ ಬಾಗಿಲಿಗೂ ಬಂತು. ಅದನ್ನು ಹೇಳದೆ ನಿಮಗೆ ಉಪದೇಶ ಮಾಡಿದರೆ ನಮ್ಮ ಮಾತಿಗೆ ತೂಕವಿರದು. ಕೆಲವು ವರ್ಷಗಳ ಹಿಂದೆ ಜಾತ್ರೆಗೆ ತಿಂಗಳಿರುವಾಗ ತೇರಿನ ಗಾಲಿ ನೋಡಲು ಬಡಿಗೇರ ಮನೆತನದವರಿಗೆ ಎಂದಿನಂತೆ ಹೇಳಿ ಕಳಿಸಿದೆವು. ಹಿರಿಯರು ಹಾಸಿಗೆ ಹಿಡಿದಿದ್ದರು. ಪೇಟೆಯಲ್ಲಿ ಬಾಗಿಲು, ಕಿಟಕಿ ಮಾಡುವ ಅವರ ಮಗ ಬಂದ. ಪಾದಕ್ಕೆ ನಮಸ್ಕರಿಸಿ ನಿಂತು, ತಲೆ ಎತ್ತದೆ ಹೇಳಿದ: "ಅಜ್ಜಾರ, ಸೇವಾ ಮಾಡಾಕ ಒಲ್ಲೆ ಅನ್ನೂದಿಲ್ಲರಿ. ಹತ್ತು ದಿನ ಪ್ಯಾಟಿ ಕೆಲಸ ಬಿಟ್ಟು ಬರಬೇಕು, ಮನಿ ನಡೀಬೇಕಲ್ಲರಿ. ಉಳಿದವರು ಮನಸ್ಸಿಗೆ ಬಂದರ ಸೇವಾ ಮಾಡತಾರ, ಇಲ್ಲಾಂದ್ರ ಇಲ್ಲ. ನಮಗಷ್ಟ ಅದು ಹುಟ್ಟಿದ ದಿನಾನ ಬರದಿಟ್ಟದ್ದೇನ್ರಿ?"

ಅಲ್ಲಿದ್ದ ಇಬ್ಬರು ಹಿರಿಯರು ಅವನನ್ನು ಗದರಿದರು. ನಾವು ಸುಮ್ಮನಿರಿ ಎಂದೆವು. ಆ ರಾತ್ರಿ ಶ್ರೀಮಠದ ಹಳೆಯ ಕೀರ್ದಿ ಪುಸ್ತಕಗಳನ್ನು ತರಿಸಿ ನೋಡಿದೆವು. ಕಾಣಿಕೆ ಕೊಟ್ಟ ಗೌಡರು, ಶೆಟ್ಟರು, ದೇಸಾಯರ ಹೆಸರುಗಳು ತಂದೆಯ ಹೆಸರಿನೊಡನೆ ದಾಖಲಾಗಿದ್ದವು. ತೇರು ಕಟ್ಟಿದವರ, ಅಚ್ಚು ಬೆಸೆದವರ, ದಾಸೋಹದ ಬುಟ್ಟಿ ಹೆಣೆದವರ, ನಡೆಮಡಿ ಹಾಸಿದವರ ಸಾಲಿನಲ್ಲಿ ಬಡಿಗೇರ, ಕಮ್ಮಾರ, ಮೇದಾರ, ಮಡಿವಾಳ ಎಂದಷ್ಟೇ ಇತ್ತು. ಹೆಸರಿರಲಿಲ್ಲ. ಎಷ್ಟೋ ವರ್ಷ ತೇರನ್ನು ನಡೆಸಿದ ಕೈಗಳಿಗೆ ಶ್ರೀಮಠದ ಪುಸ್ತಕದಲ್ಲಿ ಒಂದು ಹೆಸರೂ ಇರಲಿಲ್ಲ.

ಮರುದಿನ ಊರ ಪ್ರಮುಖರನ್ನು ಕರೆಸಿ ಹೇಳಿದೆವು. ಪರಂಪರೆ ಮುರಿಯುತ್ತದೆ ಎಂದರು. ಸೇವೆಗೆ ಬೆಲೆ ಕಟ್ಟಿದಂತಾಗುತ್ತದೆ ಎಂದರು. ಸೇವೆಗೆ ಬೆಲೆ ಕಟ್ಟಲಾಗದು, ನಿಜ. ಆದರೆ ಕೆಲಸಕ್ಕೆ ಕೂಲಿ ಕೊಡದಿರುವುದನ್ನು ಸೇವೆ ಎಂದು ಕರೆಯಲೂ ಆಗದು ಎಂದೆವು. ಸೇವೆ ಎಂಬುದು ಕೊಡುವವನ ಮನಸ್ಸಿನಲ್ಲಿ ಹುಟ್ಟಬೇಕು, ಕೇಳುವವನ ಪಟ್ಟಿಯಲ್ಲಿ ಅಲ್ಲ. ಅಂದಿನಿಂದ ಶ್ರೀಮಠದಲ್ಲಿ ಒಂದು ಕಟ್ಟಳೆ ನಡೆದಿದೆ. ತೇರು ನಿಂತ ಮರುದಿನ, ಕಾಣಿಕೆಯ ಹಣ ಭಂಡಾರಕ್ಕೆ ಸೇರುವ ಮೊದಲು, ದುಡಿದವರೆಲ್ಲರ ಕೂಲಿ ಅವರವರ ಹೆಸರು ಬರೆದು ಕೈಗೆ ಕೊಡಬೇಕು. ಕಣದ ನಿಯಮವನ್ನೇ ಮಠದ ಅಂಗಳಕ್ಕೆ ತಂದೆವು, ಅಷ್ಟೆ. ಆ ಯುವಕ ಕೂಲಿಯನ್ನು ಎಣಿಸಿ ತೆಗೆದುಕೊಂಡ. ಅದರಲ್ಲಿ ದಾಸೋಹಕ್ಕೆ ಏನಾದರೂ ಕೊಟ್ಟನೋ ಇಲ್ಲವೋ ನಾವು ವಿಚಾರಿಸಿಲ್ಲ. ವಿಚಾರಿಸುವುದು ನಮ್ಮ ಕೆಲಸವಲ್ಲ.

ಅದೇ ವರ್ಷ ತೇರಿನ ಮುಂದೆ ಹಲಗೆ ಬಾರಿಸುವವರನ್ನು ದಾಸೋಹದ ಪಂಕ್ತಿಯಲ್ಲಿ ಎಲ್ಲರೊಡನೆ ಕೂರಿಸಿದೆವು. ಮೂರು ಜನ ಭಕ್ತರು ಎದ್ದು ಹೋದರು. ಅವರ ಮೇಲೆ ನಮಗೆ ಕೋಪವಿಲ್ಲ. ಅವರಲ್ಲಿ ಒಬ್ಬರು ಮರುವರ್ಷ ಬಂದು ಉಂಡು ಹೋಗಿದ್ದಾರೆ. ಉಳಿದಿಬ್ಬರ ಎಲೆಯೂ ಕಾದಿದೆ.

ಈಗ ಆ ಹಿರಿಯರಿಗೆ ನಮ್ಮ ಉತ್ತರ ಇದು. ಹಿರಿಯರೇ, ಆಯಗಾರರ ಪದ್ಧತಿ ತಿರುಗಿ ಬಾರದು, ಬರುವುದೂ ಬೇಡ. ನಿಮ್ಮ ಮನಸ್ಸು ಬಯಸುತ್ತಿರುವುದು ಆ ಪದ್ಧತಿಯನ್ನಲ್ಲ. ಊರಿನಲ್ಲಿ ಒಬ್ಬರಿಗೊಬ್ಬರು ಬೇಕಾಗಿದ್ದ ಆ ಕಾಲವನ್ನು. ಅದನ್ನು ತರುವುದು ನಿಮ್ಮ ಕೈಯಲ್ಲಿಯೇ ಇದೆ.

ದುಡಿದವನ ಕೂಲಿಯನ್ನು ಉದ್ರಿ ಇಡಬೇಡಿ. ಪೇಟೆಯ ದೊಡ್ಡ ಅಂಗಡಿಯಲ್ಲಿ ಬರೆದ ದರಕ್ಕೆ ತುಟಿ ಪಿಟಕ್ಕೆನ್ನದೆ ಮೊಬೈಲಿನಲ್ಲಿ ಹಣ ಹಾಕಿ ಬರುವವರು, ಊರಿನ ಕುಂಬಾರ ಅವ್ವನ ಎದುರು ಹತ್ತು ರೂಪಾಯಿಗೆ ಅರ್ಧ ತಾಸು ಚೌಕಾಸಿ ಮಾಡುತ್ತಾರೆ. ಅದನ್ನು ಬಿಡಿ. ಎಷ್ಟೇ ವಯಸ್ಸಾದವರನ್ನೂ ಕಸುಬಿನ ಹೆಸರು ಹಿಡಿದು ಏಕವಚನದಲ್ಲಿ ಕೂಗುವ ಚಾಳಿ ಇನ್ನೂ ಕೆಲವರಲ್ಲಿದೆ; ಅಣ್ಣ, ಕಾಕಾ, ಅಕ್ಕ ಎಂದು ಹೆಸರು ಹಿಡಿದು ಕರೆಯಿರಿ. ಊರಿನ ಸಹಕಾರ ಸಂಘದಲ್ಲಿ ಸಾಲ ಪಡೆದು ತಿರುಗಿ ಕಟ್ಟದಿರುವುದು ದೊಡ್ಡಸ್ತಿಕೆಯಲ್ಲ. ಕಣಗಿನಹಾಳದ ಗೌಡರು ಹಚ್ಚಿದ ದೀಪದ ಎಣ್ಣೆಯನ್ನು ಕುಡಿದಂತೆ ಅದು. ದೊಡ್ಡ ಬಾಕಿದಾರನು ಕಟ್ಟದೆ ಹೋದ ಹಣ, ಚಿಕ್ಕ ಕಸುಬಿನವನಿಗೆ ಸಿಗಬೇಕಾದ ಸಾಲವಾಗಿತ್ತು.

ಇನ್ನು ಮಕ್ಕಳ ವಿಷಯ. ಕಸುಬು ವಿದ್ಯೆ, ಅದು ಜಾತಿಯಲ್ಲ. ಬಡಿಗೇರರ ಮಗಳು ಡಾಕ್ಟರಾದರೆ ಊರು ಹೆಮ್ಮೆ ಪಡಲಿ. ಗೌಡರ ಮಗ ಉಳಿ ಹಿಡಿದು ಮರಗೆಲಸ ಕಲಿತರೆ ಮನೆಯವರು ತಲೆ ತಗ್ಗಿಸದಿರಲಿ. ಕೇಂದ್ರ ಸರ್ಕಾರವು 2023ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ವಿಶ್ವಕರ್ಮ ಯೋಜನೆಯಲ್ಲಿ ಬಡಿಗತನ, ಕಮ್ಮಾರಿಕೆ, ಕುಂಬಾರಿಕೆ, ಚರ್ಮದ ಕೆಲಸ, ಕ್ಷೌರ, ಬಟ್ಟೆ ಒಗೆಯುವುದು ಸೇರಿದಂತೆ 18 ಕಸುಬುಗಳನ್ನು ಗುರುತಿಸಿ ತರಬೇತಿ, ಸಾಲಗಳ ಏರ್ಪಾಡು ಮಾಡಲಾಗಿದೆ. ಓದು ಬರಹ ಬಲ್ಲ ಯುವಕರು ತಮ್ಮ ಊರಿನ ಕಸುಬುದಾರರಿಗೆ ಅರ್ಜಿ ತುಂಬಿಕೊಟ್ಟರೆ ಅದು ಜಂಗಮಾರ್ಚನೆಗೆ ಕಡಿಮೆಯಾದ ಪುಣ್ಯವಲ್ಲ.

ನಮ್ಮ ಮೈಮೇಲಿನ ಅರಿವೆ, ಕಾಲಲ್ಲಿನ ಕೆರ, ಮನೆಯ ಬಾಗಿಲು, ಉಣ್ಣುವ ರೊಟ್ಟಿ ಇವೆಲ್ಲ ಇನ್ನೊಬ್ಬರ ಕೈ ದಾಟಿ ಬಂದವು. ಕಣದ ಆಯ ಹೋಗಿದೆ. ಆ ಕೈಗಳ ಋಣ ಹೋಗಿಲ್ಲ. ಈ ಸಲ ಸುಗ್ಗಿಯ ಮಾಲು ಮಾರಿ ಹಣ ಮನೆಗೆ ಬಂದ ದಿನ, ದೇವರ ಕೋಣೆಗೆ ಹೋಗುವ ಮೊದಲು ಯಾರ ಬಾಕಿ ಇದೆ ಎಂದು ಒಮ್ಮೆ ನೆನೆಯಿರಿ. ಅದನ್ನು ಮುಟ್ಟಿಸಿ ಬಂದು ಆಮೇಲೆ ಲಿಂಗಪೂಜೆಗೆ ಕುಳಿತುಕೊಳ್ಳಿ. ಆ ಪೂಜೆ ಶಿವನಿಗೆ ಮುಟ್ಟುತ್ತದೆ.

ಸರ್ವರಿಗೂ ಸನ್ಮಂಗಳವಾಗಲಿ ಎಂದು ಹರಸಿ ವಿರಮಿಸುತ್ತೇವೆ. ಶಿವಾರ್ಪಣಮಸ್ತು.